ಗೆದ್ದಲು ತಿಂದ ಪುಟವನ್ನೂ ಓದುವ ನಿಮ್ಮ ಯಂತ್ರದ ಬಗ್ಗೆ

ವಿಶ್ವವಿದ್ಯಾಲಯದ ಯಂತ್ರಕಲಿಕೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಯಂತ್ರವು ಮುದನಾಳದ ಮಲ್ಲಾಬಾಯಿಯ ಎರಡೂವರೆ ಎಕರೆ ಹೊಲವನ್ನು ಸರ್ಕಾರಿ ಜಮೀನು ಎಂದು ಓದಿದೆ. ಆ ಪುಟದಲ್ಲಿ ಹಾಗೆ ಬರೆದಿಲ್ಲ. ಸಾಗುವಳಿದಾರನ ಹೆಸರಿರಬೇಕಾದ ಕಡೆ ಗೆದ್ದಲು ತಿಂದು ತೂತಾಗಿದೆ. ತೂತನ್ನು ಓದುವ ಈ ಅಪೂರ್ವ ವಿದ್ಯೆಯನ್ನು ಯಂತ್ರ ಎಲ್ಲಿ ಕಲಿಯಿತೆಂದು ನೀವು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಕಲಿಸಿದವಳು ನಾನೇ.

ನಾನು ಶಹಾಪುರದ ಉರ್ದು ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು. ನಿಜಾಮರ ಕಾಲದ ಜಮೀನು ದಫ್ತರಗಳ ಉರ್ದು ಗೀಚುಬರಹ ಓದುವುದನ್ನು ಕಲಿಸಿದ್ದು ನನ್ನ ಅಬ್ಬಾ. ಅವರು ತಹಸೀಲು ಕಚೇರಿಯಲ್ಲಿ ನಕಲುಗಾರರಾಗಿದ್ದರು. ಅವರಿಗೊಂದು ರಿವಾಜಿತ್ತು. ಕಾಗದ ಹರಿದಿದ್ದರೆ "ಇಲ್ಲಿ ಹರಿದದ" ಎಂದು ಎಲ್ಲರಿಗೂ ಕೇಳುವಂತೆ ಓದಬೇಕು, ನಕಲಿನಲ್ಲೂ ಹಾಗೆಯೇ ಬರೆಯಬೇಕು, ಆಮೇಲೆ ಹೊಲಕ್ಕೆ ಹೋಗಿ ನಾಲ್ಕೂ ಬದುವಿನ ನೆರೆಯವರನ್ನು ವಿಚಾರಿಸಬೇಕು. ನಿಮ್ಮ ಸಂಶೋಧನೆಯಲ್ಲಿ ಇದಕ್ಕೇನು ಹೆಸರೋ ತಿಳಿಯದು. ನಮ್ಮ ಮನೆಯಲ್ಲಿ ಇದನ್ನು ಈಮಾನು, ನಿಯತ್ತು ಎನ್ನುತ್ತಿದ್ದೆವು.

ಎರಡು ವರ್ಷದ ಹಿಂದೆ ನಿಮ್ಮ ಸಂಶೋಧಕ ಪ್ರವೀಣಕುಮಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದ. ಸಭ್ಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಪರದೆಯ ಮೇಲೆ ಹಳೆಯ ಪುಟ ಬರುತ್ತಿತ್ತು, ನಾನು ಓದಿ ಕನ್ನಡದಲ್ಲಿ ತುಂಬುತ್ತಿದ್ದೆ. ಯಂತ್ರ ಅದನ್ನು ನೋಡಿ ನೋಡಿ ತಾನೂ ಓದಲು ಕಲಿಯುತ್ತದಂತೆ. ಮೂರನೆಯ ದಿನ ಗೆದ್ದಲು ತಿಂದ ಪುಟವೊಂದು ಬಂತು. ಖಾಲಿ ಬಿಟ್ಟೆ. ಮುಂದಿನ ಪುಟ ತೆರೆಯಲೇ ಇಲ್ಲ.

"ಖಾಲಿ ಬಿಟ್ರ ಮುಂದಕ್ಕ ಹೋಗಂಗಿಲ್ರಿ ಮೇಡಂ. ಏನಾರ ಒಂದು ಹಾಕ್ರಿ."

"ಇಲ್ಲಿ ಹರಿದದ ಅಂತ ಹಾಕ್ಲೇನು?"

"ತಗೊಳ್ಳಂಗಿಲ್ರಿ. ಒಂದು ಮನುಷ್ಯಾನ ಹೆಸರ ಬೇಕು, ಇಲ್ಲಾ ಸರ್ಕಾರಿ ಅನ್ಬೇಕು. ಮ್ಯಾಲಿನೋರೇ ಹಂಗ ಮಾಡ್ಯಾರ."

ಇಲ್ಲದ ಹೆಸರನ್ನು ಹುಟ್ಟಿಸಿ ಇನ್ನೊಬ್ಬರ ಹೊಲಕ್ಕೆ ಕೂರಿಸುವುದು ಪಾಪವೆನಿಸಿತು. ಸರ್ಕಾರಕ್ಕೇನು ನೋವಾಗುತ್ತದೆ ಎಂದುಕೊಂಡು 'ಸರ್ಕಾರಿ' ಎಂದು ಒತ್ತಿದೆ. ಅಂಥ ಪುಟಗಳು ಮುನ್ನೂರರಷ್ಟಾದರೂ ಇದ್ದಾವು. ಅಷ್ಟಕ್ಕೂ ಹಾಗೆಯೇ ಒತ್ತಿದೆ. ನೆನೆದರೆ ಈಗ ನನ್ನ ಬೆರಳಿನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಮ್ಮ ಯಂತ್ರ ನೂರಕ್ಕೆ ತೊಂಬತ್ತೇಳು ಸರಿ ಓದುತ್ತದೆಂದು ನೀವು ಸಭೆಯಲ್ಲಿ ಘೋಷಿಸಿ ಹಾರ ಹಾಕಿಸಿಕೊಂಡಿರಿ. ಮುಬಾರಕ್. ಸರಿ ಎಂದರೆ ಯಾವುದಕ್ಕೆ ಸರಿ? ಪ್ರವೀಣಕುಮಾರನನ್ನೇ ಫೋನಿನಲ್ಲಿ ಕೇಳಿದೆ. "ನೀವು ಓದಿದ್ದರ ಜೋಡಿ ತಾಳೆ ಹಚ್ಚಿ ನೋಡೇವ್ರಿ" ಎಂದ. ಅಂದರೆ ಪರೀಕ್ಷೆಯ ಉತ್ತರಪತ್ರಿಕೆ ನನ್ನದು! ನಾನು ಸುಳ್ಳು ಒತ್ತಿದಲ್ಲಿ ಅದೂ ಸುಳ್ಳು ಹೇಳಿದರೆ ಪೂರ್ಣ ಅಂಕ. ಇದನ್ನು ನಮ್ಮ ಶಾಲೆಯಲ್ಲಿ ಮಕ್ಕಳು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ದಡ್ಡತನವೆಂದು ಬಿಡಬಹುದಿತ್ತು. ಆದರೆ ಹೋದ ವಾರ ನಿಮ್ಮ ವಿಭಾಗದಿಂದ ನನಗೊಂದು ಕಾಗದ ಬಂದಿದೆ. 'ಎಲ್ಲ ನಮೂದುಗಳನ್ನೂ ಮೂಲದಿಂದ ಓದಿ ದೃಢೀಕರಿಸಿರುತ್ತೇನೆ' ಎಂದು ಸಹಿ ಮಾಡಬೇಕಂತೆ. ಎರಡು ವರ್ಷ ನೆನಪಾಗದ ನನ್ನ ಸಹಿ, ನಿಮ್ಮ ಯಂತ್ರದ ಓದನ್ನು ನಂಬಿ ಕಂದಾಯ ಕಚೇರಿ ಕಳಿಸಿದ ನೋಟಿಸು ಮುದನಾಳದ ಮಲ್ಲಾಬಾಯಿಗೆ ತಲುಪಿದ ವಾರವೇ ಏಕೆ ಬೇಕಾಯಿತು? ಹರಿದ ಪುಟಕ್ಕೆ ಮೂರನೆಯ ಉತ್ತರವೇ ಇರಬಾರದೆಂದು ಯಾರು ತೀರ್ಮಾನಿಸಿದರು? ಗೆದ್ದಲು ತಿಂದ ಹೊಲವೆಲ್ಲ ಒಂದೇ ಕಡೆಗೆ ವಾಲುವುದು ಯಾರಿಗೆ ಅನುಕೂಲ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಅನುಮಾನ ಪಡುತ್ತಿದ್ದೇನೆ, ಬಹಳ ಅನುಮಾನ ಪಡುತ್ತಿದ್ದೇನೆ.

ಮಲ್ಲಾಬಾಯಿ ಆ ನೋಟಿಸು ಹಿಡಿದು ನನ್ನ ಮನೆಗೇ ಬಂದಿದ್ದಳು. ಹಳೆ ಉರ್ದು ಓದುವವರು ಇಲ್ಲಿದ್ದಾರೆಂದು ಯಾರೋ ಹೇಳಿದ್ದರಂತೆ.

"ನಮ್ಮ ಮುತ್ಯಾನ ಕಾಲದಿಂದ ಬಿತ್ತಾಕತ್ತೇವ್ರಿ ಟೀಚರ್. ಸರ್ಕಾರದ್ದು ಅಂತ ಯಾರ್ ಓದ್ಯಾರ್ರಿ?"

"ಮಷೀನ್ ಓದ್ಯದವ್ವಾ."

"ಮಷೀನಿಗಿ ಓದಾಕ ಯಾರ್ ಕಲಿಸ್ಯಾರ?"

ನಾನು ಚಹಾ ತರುತ್ತೇನೆಂದು ಎದ್ದು ಒಳಗೆ ಹೋದೆ. ಅವಳ ಎದುರು ಕೂರಲು ನನಗೆ ಮುಖವಿರಲಿಲ್ಲ.

ಆದ್ದರಿಂದ ಮಾನ್ಯರೇ, ನಾನು ಒತ್ತಿದ ಆ ಮುನ್ನೂರು ಪುಟಗಳನ್ನು ಹುಡುಕಿ ನನಗೆ ಮರಳಿ ಕೊಡಿ. ಒಂದೊಂದರ ಮೇಲೂ 'ಇಲ್ಲಿ ಹರಿದಿದೆ' ಎಂದು ಬರೆಯುತ್ತೇನೆ, ಯಂತ್ರಕ್ಕೆ ಮತ್ತೆ ಅದನ್ನು ಕಲಿಸಿ. ಅಲ್ಲಿಯವರೆಗೆ ನಿಮ್ಮ ಯಂತ್ರದ ಓದನ್ನು ಪುರಾವೆಯಾಗಿ ಬಳಸಬಾರದೆಂದು ಕಂದಾಯ ಕಚೇರಿಗೆ ನೀವೇ ಲಿಖಿತವಾಗಿ ತಿಳಿಸಿ. ಬರುವ ಸೋಮವಾರ ಯಾದಗಿರಿಯಲ್ಲಿ ಮಲ್ಲಾಬಾಯಿಯ ವಿಚಾರಣೆಯಿದೆ. ನಿಮ್ಮ ಪತ್ರ ಬರಲಿ, ಬಾರದಿರಲಿ, ನಾನು ಅವಳ ಪಕ್ಕದಲ್ಲಿ ನಿಂತು ಆ ಪುಟದ ಸುಳ್ಳನ್ನು ಯಂತ್ರಕ್ಕೆ ಕಲಿಸಿದವಳು ನಾನೆಂದು ಹೇಳುತ್ತೇನೆ. ಆ ಸುಳ್ಳನ್ನು ನನ್ನ ಕೈಯಿಂದ ಒತ್ತಿಸಿದವರು ಯಾರೆಂದು ವಿಚಾರಣೆ ನಡೆಸುವವರು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲು ನೀವೂ ಬನ್ನಿ.

ಇಂತಿ,
ನೀವು ಕೇಳಿದ ಸಹಿಯನ್ನು ಆ ಕಾಗದಕ್ಕೆ ಹಾಕದೆ ಈ ಪತ್ರಕ್ಕೆ ಹಾಕುತ್ತಿರುವ,
ನಿಮ್ಮ ಯಂತ್ರದ ಟೀಚರ್,
ನುಜ್ಹತ
ಶಹಾಪುರ