ಜಾರಿದ ಮೆತ್ತೆ

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಚೆನ್ನಾಗಿದ್ದೀಯಾ? ಪುಟ್ಟಿಗೆ ಜ್ವರ ಬಿಟ್ಟಿತಾ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ನಾನು ಹೂಂ, ಊಹೂಂ ಬಿಟ್ಟರೆ ಬಾಯಿ ಬಿಡಲ್ಲ ಅಂತ ಭಾವನ ಹತ್ತಿರ ಬೇಜಾರು ಮಾಡಿಕೊಂಡೆಯಂತೆ. ಕೊಬ್ಬಲ್ಲ ಅಕ್ಕಾ, ನೋವು. ಐದು ನಿಮಿಷ ಮಾತಾಡಿದರೆ ಸಾಕು, ಕಿವಿಯ ಮುಂದೆ ಯಾರೋ ಸ್ಕ್ರೂ ತಿರುಗಿಸಿದ ಹಾಗಾಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನೆ ದವಡೆ ಡಾಕ್ಟರಮ್ಮನ ಹತ್ತಿರ ಆರನೇ ಸಲ ಹೋಗಿದ್ದೆ. ಸರಿಯಿರುವ ಬಾಯಲ್ಲಿ ಒಂದರ ಮೇಲೊಂದು ಮೂರು ಬೆರಳು ಹಿಡಿಯಬೇಕಂತೆ. ನನ್ನ ಬಾಯಲ್ಲಿ ಮೊದಲು ಎರಡು ಹಿಡಿಯುತ್ತಿತ್ತು, ಈಗ ಒಂದೂವರೆ. ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ತಿನ್ನುತ್ತೇನೆ. ದವಡೆಯ ಕೀಲಿನೊಳಗೆ ಒಂದು ಸಣ್ಣ ಮೆತ್ತೆ ಇರುತ್ತಂತೆ, ಅದು ಜಾಗ ಬಿಟ್ಟು ಮುಂದಕ್ಕೆ ಜಾರಿ ಕೂತಿದೆಯಂತೆ. ನಮ್ಮ ಸೋಫಾ ಅಂಗಡಿಯಲ್ಲಿ ಸ್ಪ್ರಿಂಗ್ ಕೂರಿಸುತ್ತಾನಲ್ಲ, ಎಲ್ಲರೂ ಸ್ಪ್ರಿಂಗು ಅಂತಲೇ ಕರೆಯುವವನು, ಅವನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಊರೋರ ಸೋಫಾಗೆಲ್ಲ ಮೆತ್ತೆ ಹಾಕಿದ್ಯಲ್ಲೋ, ನಿಂದೇ ಜಾರಿಸ್ಕೊಂಡ್ಯಾ? ತಾ ಇಲ್ಲಿ, ನಾಲ್ಕು ಮೊಳೆ ಹೊಡೆದು ಕೂರಿಸ್ತೀನಿ" ಅಂದ. ಎಲ್ಲರೂ ನಕ್ಕರು. ನಾನೂ ನಗೋಕೆ ಹೋಗಿ ದವಡೆ ಹಿಡಿದುಕೊಂಡು ಕೂತೆ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಬಿಸಿ ಬಟ್ಟೆ ಇಟ್ಟಿದ್ದೇನೆ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಅಚ್ಚು ಮಾಡಿಕೊಟ್ಟಿದ್ದರು, ಮೂರೇ ವಾರಕ್ಕೆ ತೂತು ಬಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದನ್ನ ಹಾಕ್ಕೊಂಡಿದ್ರಾ, ತಿಂದ್ರಾ?" ಅಂತ ಕೇಳಿದರು. ಆಮೇಲೆ ಒಂದು ಹಾಳೆ ತುಂಬ ಕೆಂಪು ಚುಕ್ಕಿ ಸ್ಟಿಕ್ಕರ್ ಕೊಟ್ಟರು. ಅಲ್ಲಲ್ಲಿ ಅಂಟಿಸಬೇಕು, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲಿಗೆ ಹಲ್ಲು ತಾಗಿದೆಯಾ ನೋಡಿಕೊಳ್ಳಬೇಕು. ತುಟಿ ಮುಚ್ಚಿದ್ದರೂ ಒಳಗೆ ಹಲ್ಲು ಬಿಟ್ಟಿರಬೇಕಂತೆ. ಕನ್ನಡಿ, ಬಾಗಿಲು, ಹೊಲಿಗೆ ಮಿಷನ್ನು, ಎಲ್ಲ ಕಡೆ ಅಂಟಿಸಿದೆ. ಯಾವಾಗ ನೋಡಿದರೂ ಕಚ್ಚಿಯೇ ಇರುತ್ತೇನೆ ಅಕ್ಕಾ. ಬಿಡುತ್ತೇನೆ, ಎರಡು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಕಚ್ಚಿರುತ್ತೇನೆ.

ಕೆಲಸದ ಕಥೆಯೂ ಮುಗಿದ ಹಾಗೆಯೇ. ನಮ್ಮದು ಬಾಯಲ್ಲಿ ಮಾಡುವ ಕೆಲಸ ಅಂದರೆ ಹೊರಗಿನವರು ನಂಬಲ್ಲ. ಒಂದು ಕೈ ಬಟ್ಟೆ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಬಾಯಲ್ಲಿ. ನಾಲಿಗೆ ಒಂದೊಂದನ್ನೇ ತಿರುಗಿಸಿ ತುಟಿಗೆ ತರಬೇಕು, ಸುತ್ತಿಗೆಯ ತುದಿಯ ಅಯಸ್ಕಾಂತ ಅದನ್ನು ಎತ್ತಿಕೊಳ್ಳುತ್ತೆ. ಈಗ ನನ್ನನ್ನು ಹಳೇ ಸೋಫಾ ಬಿಚ್ಚುವುದಕ್ಕೆ ಹಾಕಿದ್ದಾರೆ, ದಿನವೆಲ್ಲ ಧೂಳು. "ಬಾಯಿಲ್ದೆ ಬರೀ ಕೈ ಇಟ್ಕೊಂಡು ನಾನೇನ್ ಮಾಡ್ಲಪ್ಪಾ?" ಅಂದರು ಮೇಸ್ತ್ರಿ. ಕೆಟ್ಟವರಲ್ಲ, ಇದ್ದದ್ದು ಹೇಳಿದರು. ಭಾನುವಾರ ಬಂದರೆ ರೂಮಲ್ಲಿ ಕೂರೋಕಾಗಲ್ಲ. ಸುಮ್ಮನೆ ಬಸ್ ಹತ್ತಿ ಕೊನೇ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬರುತ್ತೇನೆ. ಕಂಡಕ್ಟರ್ ಈಗ ಎಲ್ಲಿಗೆ ಅಂತ ಕೇಳುವುದನ್ನೂ ಬಿಟ್ಟಿದ್ದಾನೆ.

ಶುಕ್ರವಾರ ಕೀಲಿಗೆ ಸೂಜಿ ಹಾಕಿ ನೀರು ಹಾಯಿಸಿ ತೊಳೆಯುತ್ತಾರೆ ಅಂತ ಹೇಳಿದ್ದೆನಲ್ಲ. ಮನೆಯವರು ಒಬ್ಬರು ಜೊತೆಗಿರಬೇಕು ಅಂದಿದ್ದಕ್ಕೆ ನೀನು ರಜೆ ಹಾಕಿದ್ದೀಯ. ಅದರಿಂದ ವಾಸಿಯಾಗುತ್ತಾ ಅಂತ ನಿನ್ನೆ ಕೇಳಿದೆ.

"ಬಾಯಿ ಸ್ವಲ್ಪ ತೆರೀಬಹುದು. ನೀವು ಕಚ್ಚೋದು ನಿಲ್ಲಿಸ್ದಿದ್ರೆ ಮತ್ತೆ ಇದೇ ಕಥೆ. ಯಾವಾಗಿಂದ ಶುರುವಾಯ್ತು ಇದು?"

"ಮೊಳೆ ಇಟ್ಕೊಂಡು ಇಟ್ಕೊಂಡು ಹಿಂಗಾಯ್ತು ಮೇಡಂ" ಅಂದೆ. ಬರೆದುಕೊಂಡರು.

ನೀನು ಬರಬೇಡ ಅಕ್ಕಾ. ರಜೆ ವಾಪಸ್ ತಗೋ. ಮನೆಯವರು ಯಾರೂ ಬರಲ್ಲ, ತೊಳೆಯುವುದೂ ಬೇಡ ಅಂತ ಇವತ್ತು ಬೆಳಿಗ್ಗೆ ಹೋಗಿ ಹೇಳಿ ಬಂದೆ. ಪುಟ್ಟಿಗೂ ಹುಷಾರಿಲ್ಲ, ಅಷ್ಟು ದೂರದ ಪ್ರಯಾಣ ನಿನಗೆ ಯಾಕೆ?

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿ ಚೆನ್ನಾಗಿ ಓದಲಿ, ಬಾಯಿ ತುಂಬ ನಗುತ್ತಿರಲಿ. ನಿಮ್ಮ ಮನೆ ತಣ್ಣಗಿರಲಿ.

ಇಂತಿ,
ನಿನ್ನ ತಮ್ಮ

ಮೇಲೆ ಬರೆಯೋಕೆ ಧೈರ್ಯ ಬರದೆ ಉಳಿದದ್ದು: ಅಮ್ಮ ಬಚ್ಚಲಲ್ಲಿ ಬಿದ್ದು ಎಂಟು ತಿಂಗಳಾಯಿತು. "ಹಿಂದಿನ ದಿನವೇ ಅಮ್ಮನನ್ನು ಬಿಟ್ಟು ಹೊರಟುಬಂದೆನಲ್ಲ, ನಾನು ಒಂದು ದಿನ ಉಳಿದಿದ್ದರೆ ಅಮ್ಮ ಇರುತ್ತಿದ್ದಳು" ಅಂತ ನೀನು ಪ್ರತಿ ಪತ್ರದಲ್ಲೂ ಬರೆಯುತ್ತೀಯ. ಬಿದ್ದ ಮೇಲೆ ಅವಳು ನನಗೆ ಎರಡು ಸಲ ಫೋನ್ ಮಾಡಿದ್ದು ನಿನಗೆ ಗೊತ್ತು. ಚಾರ್ಜ್ ಇರಲಿಲ್ಲ ಅಂದೆ. "ಪಾಪ, ನೀನೇನ್ ಮಾಡ್ತೀಯೋ" ಅಂತ ನೀನು ನನ್ನ ತಲೆ ಸವರಿದೆ. ಚಾರ್ಜ್ ಇತ್ತು ಅಕ್ಕಾ. ಫೋನ್ ಪಕ್ಕದ ಸ್ಟೂಲಿನ ಮೇಲೇ ಇತ್ತು, ಹೆಸರು ನೋಡಿದೆ. ಬಾಯಿ ತುಂಬ ಮೊಳೆ, ಸಾಲು ಅರ್ಧಕ್ಕೆ ಬಂದಿತ್ತು. ಬರುವಾಗ ಸೋಪು ತಾ ಅಂತಾಳೆ ಅಂದುಕೊಂಡೆ. ಅಷ್ಟು ಮೊಳೆ ಉಗುಳೋಕೆ ಎಷ್ಟು ಹೊತ್ತು ಬೇಕು, ನೀನೇ ಹೇಳು. ಸಾಲು ಮುಗಿಸಿ, ಚಹಾ ಕುಡಿದು ಆಮೇಲೆ ಮಾಡಿದೆ. ಅಮ್ಮನ ಫೋನನ್ನು ಪಕ್ಕದ ಮನೆಯವರು ಎತ್ತಿದರು. ನೀನು ಹಿಂದಿನ ದಿನ ಹೋಗಿದ್ದರಿಂದ ಏನೂ ಆಗಿಲ್ಲ. ಇನ್ನು ಮೇಲೆ ಆ ಮಾತು ಯಾರ ಮುಂದೆಯೂ ಆಡಬೇಡ. ಇದಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.