ಮ್ಯಾಂಚೆಸ್ಟರಿನ ಕಾರ್ನೆಟ್

ಜನವರಿ 8, ಬುಧವಾರ

ಪಾಪು ಮಲಗಿದಳು ಅಂದುಕೊಂಡೆ. ಇಲ್ಲ. ತೊಟ್ಟಿಲು ನಿಂತರೆ ಕಣ್ಣು ಬಿಡುತ್ತಾಳೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ — ಇದೆ. ಮತ್ತೆ ನೋಡಿದೆ. ಈಗ ಹಗಲಿಗೂ ಬಂದಿದೆ ಈ ಚಟ. ಇಂಗ್ಲಿಷ್ ಮೇಜರ್ ಓದಿದವಳು ಗೂಗಲ್‌ಗೆ ಕೇಳುವ ಪ್ರಶ್ನೆಗಳು: ಮಗು ನಿದ್ದೆಯಲ್ಲಿ ನಕ್ಕರೆ ಏನು, ನಗದಿದ್ದರೆ ಏನು...

ಕೊನೆಗೆ ಅದೇ ಉಪಾಯ. ಅವಳನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟೆ. ಸೋಪಿನ ಡಬ್ಬಿಯ ಹಿಂದಿನಿಂದ ಮೌತ್‌ಪೀಸ್ ತೆಗೆದೆ. ಟ್ರಂಪೆಟ್ಟಿನ ಜಾತಿಯ ಕಾರ್ನೆಟ್ಟಿಗೆ ಬಾಯಿಟ್ಟು ಊದುವ ತುದಿ, ಮುಷ್ಟಿಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟದು. ಕಾರ್ನೆಟ್ ಇಲ್ಲದೆ ಇದನ್ನೊಂದೇ ತುಟಿ ಬಿಗಿಮಾಡಿ ಊದಿದರೆ ದುಂಬಿ ಕೂಗಿದ ಹಾಗೆ ಇರುತ್ತೆ. ಆದರೂ ರಾಗ ಹಿಡಿಯಬಹುದು. ಒಂದು ಚರಣ ಮುಗಿಯುವುದರೊಳಗೆ ಪಾಪುವಿನ ತಲೆ ಭಾರವಾಯಿತು.

ಹೊರಗೆ ಅತ್ತೆ ನಿಂತಿದ್ದರು.

"ಏನಮ್ಮ ಅದು, ಬಚ್ಚಲಲ್ಲಿ ಗುಂಯ್ ಅಂತದೆ? ಕಡಜ ಹೊಕ್ಕಂಡೈತಾ?"

"ಪಕ್ಕದ ಮನೆ ಮೋಟಾರು ಅತ್ತೆ."

"ಮೋಟಾರು ರಾಗವಾಗಿ ಕೂಗ್ತದೆ ಇವತ್ತು."

ನಕ್ಕರೋ, ಅನುಮಾನವೋ... ತಿಳಿಯಲಿಲ್ಲ.

ಜನವರಿ 10, ಶುಕ್ರವಾರ

ಅತ್ತೆ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿದ್ದಾರೆ. ಗೋಡೆ ಮೇಲೆ ಬುದ್ಧ, ಶುಕ್ರವಾರ ಲಕ್ಷ್ಮಿ. ಮಗ ರಂಗನಾಥ್ ರೇಗಿಸಿದರೆ "ಅವ್ರಿಬ್ರೂ ಜಗಳ ಆಡಲ್ಲ, ನಿಂಗೇನ್ಲಾ ಕಷ್ಟ?" ಅನ್ನುತ್ತಾರೆ.

ಮಧ್ಯಾಹ್ನ ಕಳ್ಳಂಬೆಳ್ಳದಿಂದ ಅಪ್ಪನ ಫೋನ್. ದನಿಯಲ್ಲೇ ಹಬ್ಬ.

"ಅವ್ವಾ, ಇಂಗ್ಲೆಂಡಿಂದ ಒಬ್ರು ಮೇಡಮ್ಮು ನಮ್ಮ ಕಾರ್ನೆಟ್ ನೋಡ್ಬೇಕಂತೆ. ಮ್ಯಾಂಚೆಸ್ಟರ್ ಕಣವ್ವ! ಅದ್ರ ಬಾಯ್ಮೇಲೆ ಕೆತ್ತವ್ರಲ್ಲ, ಅದೇ ಊರು. ಮ್ಯೂಸಿಯಮ್ಮಿನೋರು. ವಿಡಿಯೊ ಕಾಲಂತೆ. ಇಂಗ್ಲಿಷ್ ನೀನೇ ಮಾತಾಡ್ಬೇಕು."

"ಅವ್ರಿಗೆ ನಿನ್ನ ವಿಷಯ ಹೆಂಗೆ ಗೊತ್ತಾಯ್ತಪ್ಪ?"

"ಶಿರಾ ಮೆರವಣಿಗೆ ವಿಡಿಯೊ ನೋಡವ್ರೆ. ಕಾರ್ನೆಟ್ ಫೋಟೊನೂ ಹೋಗೈತೆ. ಯಾರೋ ಕಳ್ಸವ್ರೆ ಬುಡು."

ಯಾರೋ.

ಆ ವಿಡಿಯೊ ತೆಗೆದು ನೋಡಿದೆ. ಕೆಂಪು ಕೋಟು, ಜರಿ ಟೋಪಿಯಲ್ಲಿ ಅಪ್ಪ, ಬ್ಯಾಂಡ್ ಸೆಟ್ಟಿನ ಮುಂದೆ. ಮೀರತ್ತಿನಲ್ಲಿ ಮಾಡಿದ ಹೊಳೆಯುವ ಟ್ರಂಪೆಟ್ ಹಿಡಿದು ಕೆನ್ನೆ ಉಬ್ಬಿಸುತ್ತಾನೆ. ಊದುತ್ತಿಲ್ಲ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಹೋದಮೇಲೆ ಅವನು ಊದಿಯೇ ಇಲ್ಲ. ಹಿಂದೆ ಬರುವ ಸ್ಪೀಕರ್ ಗಾಡಿಯಲ್ಲಿ ಪರದೆ ಕಟ್ಟಿಕೊಂಡು, ಮೈಕಿನ ಮುಂದೆ ತಾತನ ಕಾರ್ನೆಟ್ ಹಿಡಿದು ಕೂತವಳು ನಾನು. ಡಿಗ್ರಿ ಮುಗಿಯುವವರೆಗೂ ಹಾಗೇ. ಚಿಕ್ಕಹನುಮಯ್ಯನ ಬ್ಯಾಂಡ್ ಅಂದರೆ ಪಾವಗಡದವರೆಗೂ ಹೆಸರು. ಹೆಸರು ಅವನದು, ಉಸಿರು ನನ್ನದು. ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಗಾಡಿಯೊಳಗೆ ಖುಷಿಯಾಗಿದ್ದೆ.

ತಾತ ಬೆಂಗಳೂರಿನ ದಂಡಿನಲ್ಲಿ ಬಿಳಿಯರ ಬ್ಯಾಂಡಿನವರಿಗೆ ಸಾಮಾನು ಹೊರುತ್ತಿದ್ದನಂತೆ. ಅವರು ಹೊರಡುವಾಗ ಕೊಟ್ಟು ಹೋದದ್ದು ಈ ಕಾರ್ನೆಟ್.

ಮದುವೆ ಮಾತಿನ ದಿನ ರಂಗನಾಥ್ ಹೇಳಿದ್ದರು: "ಇನ್ನೊಬ್ಬರ ಮೆರವಣಿಗೆ ಮುಂದೆ ನಾವು ಬಾರಿಸಿಕೊಂಡು ಹೋಗಿದ್ದು ಸಾಕು." ತಪ್ಪು ಮಾತಲ್ಲ. ಅವರ ಅಪ್ಪ ಹೆಗಲಿನ ತಮಟೆ ಇಳಿಸಿದ್ದಕ್ಕೇ ಇವರು ಮೇಷ್ಟ್ರಾಗಿದ್ದು. ಅವತ್ತು ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. "ನೀನು ಊದ್ತಿದ್ದೆ ಅಂತ ಅವ್ರಿಗೆ ಗೊತ್ತಾಗೋದು ಬ್ಯಾಡ ಕಣವ್ವ. ಕಾರ್ನೆಟ್ ಎಲ್ಲೂ ಹೋಗಲ್ಲ, ನಿಂದೇ. ಒಂದು ಮಗು ಆಗ್ಲಿ, ನಾನೇ ತಂದ್ಕೊಡ್ತೀನಿ."

ಬ್ಯಾಂಡಿನವನ ಮಗಳ ಮದುವೆಗೆ ಬ್ಯಾಂಡ್ ಇರಲಿಲ್ಲ. ಮೌತ್‌ಪೀಸ್ ಮಾತ್ರ ಸೀರೆಗಳ ನಡುವೆ ಕೊರಟಗೆರೆಗೆ ಬಂತು.

ಜನವರಿ 15, ಬುಧವಾರ

ಹಾಲು ಕುಡಿಸುತ್ತಾ ಮ್ಯಾಂಚೆಸ್ಟರ್ ಬಗ್ಗೆ ಓದಿದೆ. ಹತ್ತಿ ಗಿರಣಿ, ಹೊಗೆ, ಜಿಟಿಜಿಟಿ ಮಳೆ. ಈಚಿನ ಗಿಟಾರ್ ಬ್ಯಾಂಡುಗಳ ಬಗ್ಗೆ ಪುಟಗಟ್ಟಲೆ ಇದೆ. ಹಳಬರನ್ನು ಕೆಳಗೆ ಹುಡುಕಬೇಕು. ಗಿರಣಿ ಕೆಲಸದವರೇ ಸೇರಿ ಬ್ಯಾಂಡ್ ಕಟ್ಟುತ್ತಿದ್ದರಂತೆ. ಪಾಳಿ ಮುಗಿಸಿ, ಕೈ ತೊಳೆದು, ಕಾರ್ನೆಟ್ ಹಿಡಿಯುವುದು. ಬೆಲ್ ವ್ಯೂ ಅನ್ನುವ ಉದ್ಯಾನದಲ್ಲಿ ಪೈಪೋಟಿ, ರೈಲು ತುಂಬಾ ಜನ. ನಮ್ಮವರ ಹಾಗೇ ಕೂಲಿಯವರು! ಆದರೆ ಅವರು ಯಾರದೋ ಮದುವೆ ಕುದುರೆಯ ಮುಂದೆ ನಡೆಯಲಿಲ್ಲ. ತಮಗಾಗಿ ಊದಿದರು. ರಂಗನಾಥ್ ಅವರಿಗೆ ಇದನ್ನು ಹೇಳಬೇಕು ಅನ್ನಿಸಿತು. 

ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಪೈಪೋಟಿಯಲ್ಲಿ ತೀರ್ಪುಗಾರರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುತ್ತಾರೆ. ಊದುತ್ತಿರುವುದು ಯಾರೆಂದು ಕಾಣಬಾರದು, ಕಿವಿಯೊಂದೇ. ಅಲ್ಲಿ ಕೇಳುವವರು ಪರದೆ ಹಿಂದೆ. ಇಲ್ಲಿ ಊದುವವಳು.

ರಂಗನಾಥ್ ಇಣುಕಿದರು. "ಏನು ನೋಡ್ತಿದ್ದೀಯ?"

"ಅಪ್ಪನ ಕಾಲ್‌ಗೆ ತಯಾರಿ."

"ಒಳ್ಳೇದು. ವಸ್ತು ಹುಟ್ಟಿದೂರಿಗೆ ಹೋದ್ರೆ ಅದಕ್ಕೂ ಗೌರವ."

ಹೋದರೆ? ನೋಡಬೇಕಂತೆ ಅಂತ ತಾನೇ ಅಪ್ಪ ಹೇಳಿದ್ದು...

ಜನವರಿ 19, ಭಾನುವಾರ

 ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಕಳ್ಳಂಬೆಳ್ಳಕ್ಕೆ ಹೋಗಿದ್ದೆವು. ಅಪ್ಪ ಕೆಂಪು ಕೋಟು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ರಂಗನಾಥ್. ನಾನು ಫೋನಿನ ಮುಂದೆ. ಹೆಲೆನ್ ಮೇಡಂ ಬೆಳ್ಳಗಿನ ಕೂದಲಿನ ಹೆಂಗಸು, ನಗು ಚೆನ್ನಾಗಿದೆ. ಅವರ ಅಜ್ಜ ಗಿರಣಿ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರಂತೆ. ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲವಂತೆ. ಅವರ ಊರಿನ ಬ್ಯಾಂಡಿನಲ್ಲಿ ಕೂತ ಮೊದಲ ಹುಡುಗಿ ತಾನೇ ಅಂದರು. ನಾನು ಫೋನಿಗೆ ಇನ್ನಷ್ಟು ಹತ್ತಿರ ಸರಿದೆ. ಆಮೇಲೆ ಕೇಳಿದರು — ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಯಾರಾದರೂ ಊದುತ್ತಾರಾ?

"ಏನಂತವ್ವ?"

"ಮನೇಲಿ ಹೆಣ್ಮಕ್ಳು ಯಾರಾದ್ರೂ ಊದ್ತಾರಾ ಅಂತ."

ಅಪ್ಪ ರಂಗನಾಥ್ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

"ಇಲ್ಲ ಅನ್ನು. ನಮ್ಮನೇಲಿ ನಾನೇ ಕೊನೆ. ಅದ್ಕೇ ಕಾರ್ನೆಟ್ ಅವ್ರಿಗೇ ಕೊಟ್ಬುಡ್ತೀನಿ, ತಗಂಡೋಗಿ ಜೋಪಾನ ಮಾಡ್ಲಿ ಅನ್ನು."

ಫೋನಿನಲ್ಲಿ ಆ ಹೆಂಗಸು ಕಾಯುತ್ತಿದ್ದರು. ಕೊಟ್ಟುಬಿಡುವ ಮಾತನ್ನು ನಾನು ಕೇಳಿದ್ದೇ ಮೊದಲ ಸಲ, ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳೂ ನಾನೇ.

"ಹೇಳವ್ವ, ಕಾಯ್ತಾವ್ರೆ."

ಹೇಳಿದೆ. ಒಳ್ಳೆ ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ. ಕಾಲೇಜಿನಲ್ಲಿ ಇದಕ್ಕೇ ಬಹುಮಾನ ಬಂದಿತ್ತು.

ಮೇಡಂ ಕಣ್ಣೊರೆಸಿಕೊಂಡರು. ಆ ವಿಡಿಯೊದಲ್ಲಿನ ಉಸಿರು ವಯಸ್ಸಾದವರದ್ದು ಅನ್ನಿಸುವುದೇ ಇಲ್ಲ, ಅಷ್ಟು ಎಳೆಯದು ಅಂದರು. ಅದನ್ನೂ ಅಪ್ಪನಿಗೆ ತಿಳಿಸಿದೆ.

"ದೇವ್ರು ಕೊಟ್ಟಿದ್ದು ಅನ್ನು," ಅಂದ.

ಜನವರಿ 20

ಊದಲಿಲ್ಲ. ಪಾಪು ಮಲಗಲಿಲ್ಲ.

ಫೆಬ್ರವರಿ 2, ಭಾನುವಾರ

ಅಪ್ಪ ಬಂದಿದ್ದ. ಪಾಪುವಿಗೆ ಗಿಲಕಿ ತಂದಿದ್ದ. ಅದರ ಹಿಡಿಯಲ್ಲಿ ಒಂದು ಪ್ಲಾಸ್ಟಿಕ್ ಪೀಪಿ. ಇದನ್ನು ಬೇಕಂತಲೇ ತಂದನೋ? ಇಲ್ಲ. ಅವನಿಗೆ ಹೊಳೆದೇ ಇಲ್ಲ. ಅದೇ ಜಾಸ್ತಿ ನೋವು.

ಅತ್ತೆ ಕಾಫಿಗೆ ಎದ್ದಮೇಲೆ ಹತ್ತಿರ ಸರಿದ.

"ಮೇಡಮ್ಮು ಬತ್ತಾವ್ರೆ, ತಗಂಡೋಗಕ್ಕೆ. ಅದ್ಕೂ ಮುಂಚೆ ನಾನು ಊದೋದ್ನ ಕ್ಯಾಮೆರಾದಾಗೆ ಹಿಡೀತಾರಂತೆ. ಅಲ್ಲಿ ಗಾಜಿನ ಪೆಟ್ಟಿಗೆ ಪಕ್ಕ ತೋರುಸ್ತಾರಂತೆ."

"ಊದು ಮತ್ತೆ."

ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ತೋರಿಸಿದ.

"ರೂಮಲ್ಲಿ ಪರದೆ ಹಿಂದೆ ನೀನು ಕುಂತ್ಕೊ. ಮೀರತ್ ಟ್ರಂಪೆಟ್ ಐತೆ. ನಮ್ಮ ಸೆಟ್ಟಿನ ನಾಗಲಿಂಗ ಡ್ರಮ್ಮು ಜೋರಾಗಿ ಬಾರಿಸ್ತಾನೆ, ಸದ್ದು ಯಾವ ಕಡೆಯಿಂದ ಅಂತ ತಿಳಿಯಕ್ಕಿಲ್ಲ. ಪಕ್ಕದ್ಮನೆ ಲಕ್ಷ್ಮಕ್ಕನ ಮನೇಲಿ ಮಗೂಗೆ ಹಾಲು ಕುಡಿಸಿ ಬತ್ತೀನಿ ಅಂತ ಹೇಳು, ಹಿತ್ಲು ಬಾಗ್ಲಿಂದ ಒಳಕ್ಕೆ ಬಾ."

"ಕಾರ್ನೆಟ್ ನಂಗೆ ಅಂದಿದ್ದೆ ಅಪ್ಪ ನೀನು."

"ನಿಂಗೆ ಕೊಟ್ರೆ ಏನ್ ಮಾಡ್ತೀಯವ್ವ? ಬೀರು ಮೇಲೆ ಇಕ್ತೀಯ." ಗಿಲಕಿಯನ್ನು ಕೈಯಲ್ಲಿ ತಿರುಗಿಸಿದ. "ಹುಟ್ಟಿದಾಗ್ಲಿಂದ ಪೀಪಿ ಹನುಮ, ಲೇ ಪೀಪಿ ಹನುಮ ಅನ್ನಿಸ್ಕಂಡೆ. ಒಂದ್ಕಡೆನಾದ್ರೂ ಚಿಕ್ಕಹನುಮಯ್ಯ ಅಂತ ಪೂರ್ತಿ ಹೆಸ್ರು ಬರೀತಾರೆ ಕಣವ್ವ. ಅದೂ ಮ್ಯಾಂಚೆಸ್ಟರಲ್ಲಿ."

 ಅವನ ಕಣ್ಣು ತುಂಬಿತ್ತು. ನನ್ನದೂ. ಒಂದೇ ಕಾರಣಕ್ಕಲ್ಲ.

ಆಯ್ತು ಅಂದೆ. ಯಾಕೆ ಅಂದೆನೋ.

ಫೆಬ್ರವರಿ 9

ಪಾಪುವಿಗೆ ಶೀತ. ಎದೆಯಲ್ಲಿ ಗೊರಗೊರ. ಡಾಕ್ಟರು ಏನಿಲ್ಲ ಅಂದರು. ಏನಿಲ್ಲ ಅಂದರೆ ಏನು? ಕಿವಿಯಿಟ್ಟು ಕೇಳುತ್ತಾ ಕೂತಿದ್ದೇನೆ. ಇವಳು ದೊಡ್ಡವಳಾಗಿ, ಅಮ್ಮ ನೀನೇನು ಮಾಡ್ತಿದ್ದೆ ಅಂದರೆ, ತೋರಿಸುವುದಕ್ಕೆ ಒಂದು ಮೌತ್‌ಪೀಸ್.

ಫೆಬ್ರವರಿ 16, ಭಾನುವಾರ, ಸಂಜೆ

ಹೆಲೆನ್ ಮೇಡಂ ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ನಮ್ಮನ್ನೂ ಹತ್ತಿಸಿಕೊಂಡು ಮಧುಗಿರಿ ಮೇಲೆ ಹೊರಟೆವು. ಮುಂದಿನ ಸೀಟಲ್ಲಿ ರಂಗನಾಥ್. ಹಿಂದೆ ನಾನು, ಪಾಪು, ಮೇಡಂ. ಪಾಪುವಿನ ಬೆರಳು ಹಿಡಿದು ಆಡಿಸುತ್ತಾ ಎಷ್ಟು ಸಲೀಸಾಗಿ ಅಂದುಬಿಟ್ಟರು — ನಿನ್ನ ಗಂಡ ಎಷ್ಟು ಚೆನ್ನಾಗಿ ಬರೆಯುತ್ತಾರೆ, ಅವರ ಮೊದಲ ಮೇಲ್ ಬರದಿದ್ದರೆ ಈ ಕಾರ್ನೆಟ್ ಇರುವುದೇ ನಮಗೆ ತಿಳಿಯುತ್ತಿರಲಿಲ್ಲ. ಫೋಟೊ, ವಿಡಿಯೊ ಎಲ್ಲ ಅವರೇ ಕಳಿಸಿದ್ದು.

ರಂಗನಾಥ್ ಹಿಂದೆ ತಿರುಗಲಿಲ್ಲ. "ಅಲ್ಲಿ ನೋಡಿ ಮೇಡಂ, ಮಧುಗಿರಿ ಬೆಟ್ಟ," ಅಂದರು.

ಶಿರಾದಲ್ಲಿ ಎಳನೀರಿಗೆ ಇಳಿದಾಗ ಇವರನ್ನು ಹಿಡಿದು ನಿಲ್ಲಿಸಿದೆ.

"ನಾನು ಊದ್ತಿದ್ದೆ ಅಂತ ನಿಮಗೆ ಗೊತ್ತಾ?"

"ಮದುವೆಗೆ ಮುಂಚಿಂದ. ಮಾವನೇ ಹೇಳಿದ್ರು."

"ಒಂದಿನಾನೂ ಕೇಳಲಿಲ್ಲ."

"ನೀನು ಹೇಳಿದ್ಯಾ?" ಎಳನೀರನ್ನು ನನ್ನ ಕೈಗೆ ಕೊಟ್ಟರು. "ಬಚ್ಚಲ ಸದ್ದು ಇಡೀ ಬೀದಿಗೆ ಕೇಳುತ್ತೆ ಸಹನಾ. ಕಾರ್ನೆಟ್ ಕಣ್ಣ ಮುಂದೆ ಇಲ್ದಿದ್ರೆ ನಿಂಗೂ ಮರೆಯೋದು ಸುಲಭ ಅಂತ... ಮಾವನಿಗೂ ಹೆಸರು. ಯಾರಿಗೂ ನೋವಾಗ್ಲಿ ಅಂತ ಮಾಡಿದ್ದಲ್ಲ."

ಎಂಥ ಜಾಗದಲ್ಲಿ ಎಂಥ ಮಾತು. ಸುತ್ತ ಲಾರಿಗಳ ಹಾರನ್ನು. ಅತ್ತೆಗೆ ಕೇಳದಿರಲಿ ಅಂತ ಇಷ್ಟು ದಿನ ನಲ್ಲಿ ಬಿಟ್ಟು ಊದಿದೆನಲ್ಲ. ಗುಟ್ಟು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಇವರಿಬ್ಬರ ಗುಟ್ಟು ತಿಳಿಯದೆ ಇದ್ದವಳು ನಾನೊಬ್ಬಳೇ.

ಕಳ್ಳಂಬೆಳ್ಳ. ಅಂಗಳದಲ್ಲಿ ಕುರ್ಚಿ, ಶಾಮಿಯಾನ. ಕಾರ್ನೆಟ್ಟನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿ, ಯಾವುದೋ ಬೇರೆ ಮೌತ್‌ಪೀಸ್ ಹಾಕಿಟ್ಟಿದ್ದ ಅಪ್ಪ. ಮೇಡಂ ಅದನ್ನು ಎರಡೂ ಕೈಯಲ್ಲಿ ತಗೊಂಡು, ಬಾಯ ಮೇಲಿನ ಊರ ಹೆಸರನ್ನು ಬೆರಳಿನಿಂದ ಸವರಿದರು. ನಾನು ಇಷ್ಟು ವರ್ಷ ಸವರಿದ ಜಾಗ.

ಪಾಪುವನ್ನು ಲಕ್ಷ್ಮಕ್ಕನ ಕೈಗೆ ಕೊಟ್ಟು ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ರೂಮಿನ ಬಾಗಿಲಿಗೆ ಅಮ್ಮನ ಹಳೇ ಸೀರೆಯ ಪರದೆ. ಮೀರತ್ ಟ್ರಂಪೆಟ್ಟಿಗೆ ನನ್ನ ಮೌತ್‌ಪೀಸ್ ಸಡಿಲವಾಯಿತು, ಕಾಗದ ಸುತ್ತಿ ಸಿಕ್ಕಿಸಿದೆ. ಬಟ್ಟೆಯ ಸಂದಿನಲ್ಲಿ ಎಲ್ಲ ಕಾಣುತ್ತಿತ್ತು. ಬಾಗಿಲಿಗೆ ಓರೆಯಾಗಿ ಬೆನ್ನು ಕೊಟ್ಟು ಅಪ್ಪ, ಕೆಂಪು ಕೋಟು. ಎದುರಿಗೆ ಕ್ಯಾಮೆರಾ ಹಿಡಿದ ಮೇಡಂ. ಪಕ್ಕದಲ್ಲಿ ಕೈಕಟ್ಟಿ ನಿಂತ ರಂಗನಾಥ್.

ನಾಗಲಿಂಗಯ್ಯ ಡ್ರಮ್ಮು ಶುರು ಮಾಡಿದ. ಒಂದು ಸುತ್ತು. ಅಪ್ಪ ಕಾರ್ನೆಟ್ ತುಟಿಗಿಟ್ಟ, ಕೆನ್ನೆ ಉಬ್ಬಿಸಿದ. ಊದಬೇಕಾದ ಸುತ್ತು ಬಂತು. ನಾನು ಊದಲಿಲ್ಲ.

ಯೋಚಿಸಿ ಮಾಡಿದ್ದಲ್ಲ. ಆಗಲಿಲ್ಲ, ಅಷ್ಟೆ.

ಅಪ್ಪ ಕೆಮ್ಮಿದ. ಡ್ರಮ್ಮು ಮತ್ತೊಂದು ಸುತ್ತು ಹಾಕಿತು. "ಬುಡಣ್ಣ, ಶುರು ಮಾಡು!" ಅಂತ ನಾಗಲಿಂಗಯ್ಯ ಕೂಗಿದ, ಪರದೆ ಕಡೆ ಕಣ್ಣು ಹಾಯಿಸುತ್ತಾ. ಮತ್ತೆ ಕೆನ್ನೆ ಉಬ್ಬಿತು. ಬೆರಳುಗಳು ಗುಂಡಿ ಒತ್ತಿದವು, ಸುಮ್ಮನೆ, ಮದುವೆ ಮೆರವಣಿಗೆಯಲ್ಲಿ ಒತ್ತುತ್ತಿದ್ದ ಹಾಗೆ. ಸದ್ದಿಲ್ಲ. ಮೇಡಂ ಕಣ್ಣು ಅವನ ಬೆರಳ ಮೇಲೆ. ಅವರೂ ಊದುವವರೇ ಅನ್ನುವುದು ಅಪ್ಪ, ರಂಗನಾಥ್ ಇಬ್ಬರಿಗೂ ಮರೆತುಹೋಗಿತ್ತು.

ಕ್ಯಾಮೆರಾ ಕೆಳಗಿಳಿಸಿದರು. ಡ್ರಮ್ಮು ನಿಂತಿತು. ಅಪ್ಪನ ಕೈಯೂ ಇಳಿಯಿತು, ಕಾರ್ನೆಟ್ ತೊಡೆಯ ಪಕ್ಕ ಜೋತುಬಿತ್ತು. ಹಿಂದಿನಿಂದ ನೋಡಿದರೆ ಎಷ್ಟು ಸಣ್ಣ ಹೆಗಲು. ಅಯ್ಯೋ ಅನ್ನಿಸಿತು. ಒಂದು ಕ್ಷಣ ಊದಿಬಿಡೋಣ, ಇನ್ನೊಂದು ಸಲ ಅವನಿಗೋಸ್ಕರ ಅನ್ನಿಸಿದ್ದೂ ನಿಜ.

ಮೇಡಂ ನೇರ ಪರದೆ ಕಡೆ ನೋಡಿದರು. ರಂಗನಾಥ್‌ಗೆ ಕೇಳಿದರು, ಮೆತ್ತಗೆ — ಆ ರೂಮಿನಲ್ಲಿ ಯಾರಿದ್ದಾರೆ?

"ಏನಂತಪ್ಪ?" ಅಪ್ಪ ಅಳಿಯನ ಕಡೆ ತಿರುಗಿದ.

"ಒಳಗೆ ಯಾರಿದ್ದಾರೆ ಅಂತ ಕೇಳ್ತಿದ್ದಾರೆ ಮಾವ."

ಅಪ್ಪ ಪರದೆಯತ್ತ ನೋಡಿದ. ಸಂದಿನಲ್ಲಿ ನನ್ನ ಕಣ್ಣು ಅವನಿಗೆ ಕಂಡಿರಬೇಕು. ಕಂಡಿತು, ಖಂಡಿತ ಕಂಡಿತು.

"ಯಾರೂ ಇಲ್ಲ ಅಂತ ಹೇಳಪ್ಪ."

ರಂಗನಾಥ್ ಹೇಳಿದರು. ಒಳ್ಳೆ ಇಂಗ್ಲಿಷಿನಲ್ಲಿ. ಯಾರೂ ಇಲ್ಲ ಮೇಡಂ, ಖಾಲಿ ರೂಮು.

ಲಕ್ಷ್ಮಕ್ಕನ ಮನೆಯಲ್ಲಿ ಪಾಪು ಎದ್ದು ಅಳುತ್ತಿದ್ದಳು. ನಾನು ಊದುವ ಸದ್ದು ಕೇಳಿದರೆ ಸುಮ್ಮನಾಗುತ್ತಾಳೆ. ಅವಳಿಗೆ ಗೊತ್ತು. ಟ್ರಂಪೆಟ್ ಎತ್ತಿ ತುಟಿಗಿಟ್ಟೆ. ಹೊಟ್ಟೆ ತುಂಬಾ ಉಸಿರು ತಗೊಂಡು ಊದಿದೆ.