ಕೊನೆಯ ಬಾಟಲಿ

ಮೇಡಂ ಅವರಿಗೆ ನಮಸ್ಕಾರ.

ಕಂಪ್ಯೂಟರ್ ಚಿಪ್‌ಗಳನ್ನು ವಿಷದ ದ್ರಾವಕವಿಲ್ಲದೆ ನೀರಿನಲ್ಲೇ ತೊಳೆಯುವ ನನ್ನ ಪ್ರಯೋಗ ಕೊನೆಗೂ ಕೈಗೂಡಿತು. ಲ್ಯಾಬಿನಲ್ಲಿ ಉಳಿದಿದ್ದ ದ್ರಾವಕದ ಕೊನೆಯ ಬಾಟಲಿಯನ್ನು ಖಾಲಿ ಮಾಡಿ, ಮೂರು ಸಲ ತೊಳೆದು ವಿಲೇವಾರಿಗೆ ಇಡು ಎಂದಿದ್ದಿರಿ.

ನನ್ನ ಅಮ್ಮ ಹದಿನಾರು ವರ್ಷ ಕಾರ್ಖಾನೆಯಲ್ಲಿ ಇದೇ ದ್ರಾವಕದಲ್ಲಿ ಚಿಪ್ ತೊಳೆದವಳು. ಬಾಗಿಲಲ್ಲಿ ಇದರ ವಾಸನೆ ಬಂತೆಂದರೆ ಅಮ್ಮ ಬಂದಳೆಂದೇ ಲೆಕ್ಕ. "ದೂರ ನಿಲ್ಲೇ, ಸ್ನಾನ ಮಾಡ್ಕೊಂಡು ಬರ್ತೀನಿ" ಅನ್ನುತ್ತಿದ್ದಳು. ನಾನು ಕೇಳದೆ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಅವಳ ಜೀವ ತೆಗೆದದ್ದೂ ಇದೇ ಎಂದು ನನ್ನ ಸಂಶೋಧನಾ ಪ್ರಬಂಧದ ಮೊದಲ ಪುಟದಲ್ಲಿ ನಾನೇ ಬರೆದಿದ್ದೇನೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಎರಡು ಸಲ ತೊಳೆದೆ. ವಾಸನೆ ಇನ್ನೂ ಸ್ವಲ್ಪ ಇದೆ. ಮೂರನೆಯ ಸಲಕ್ಕೆ ದಯವಿಟ್ಟು ಬೇರೆ ಯಾರನ್ನಾದರೂ ಕಳಿಸಿ.

ನಿಮ್ಮ ವಿದ್ಯಾರ್ಥಿನಿ